ಪಾಪು ಕಾರ್ ಸೀಟ್ ಬಗ್ಗೆ ಮಾವ ಬರೆದ ಕಾಗದ

ಪುಟ್ಟೀ,

ನೀನು ಕಳ್ಸಿದ್ ಫೋಟೋ ನಾಲ್ಕೈದು ಸಲ ನೋಡ್ದೆ. ಪಾಪು ಅವಳ ಸೀಟಲ್ಲಿ ಕಾರಿನ ಹಿಂಭಾಗದ ಕಡೆ ಮುಖ ಮಾಡಿ, ಕಾಲು ಮಡಚ್ಕೊಂಡು ಕಾರಿನ ಸೀಟಿಗೆ ಪಾದ ಒತ್ಕೊಂಡು ಕೂತಿದಾಳೆ, ಅದನ್ನ ನೋಡಿ ನಿಮ್ಮತ್ತೆಯವ್ರಿಗೆ ಕರುಳು ಚುರುಕ್ ಅಂದು ಮಗು ಮುಖ ಮುಂದಕ್ಕೆ ಮಾಡ್ರಮ್ಮ ಅಂದಿದಾರೆ, ಅಂಗಡಿಯವ್ನು ಬೇರೆ ಹುಟ್ದಾಗಿಂದ 12 ವರ್ಷದ ತನಕ ಇದೊಂದೇ ಸೀಟು ಸಾಕು ಅಂತ ತೋರ್ಸಿದಾನೆ, ನೀನು ಯಾವ್ದು ಸರಿ ಮಾವ ಅಂತ ಕೇಳಿದೀಯ. ಫೋನಲ್ಲಿ ಹೇಳಿದ್ರೆ ಅರ್ಧ ಮರ್ತೋಗತ್ತೆ, ಅದಕ್ಕೆ ಬರೀತಿದೀನಿ.

ಮುಖ ಮುಂದಕ್ಕೆ ತಿರುಗ್ಸೋಕೆ ಆತುರ ಬೇಡ ಕಣೇ. ಅವಳಿಗಿನ್ನೂ 14 ತಿಂಗಳು. ಹುಟ್ಟೋವಾಗ ಮಗು ಉದ್ದದಲ್ಲಿ ಕಾಲು ಭಾಗ ತಲೇನೇ ಇರತ್ತೆ, ನಮ್ಮಂಥ ದೊಡ್ಡವ್ರಿಗೆ ಅದು ಏಳೆಂಟನೇ ಒಂದು ಪಾಲು ಅಷ್ಟೆ. ಅಷ್ಟು ಭಾರದ ತಲೆ ಹೊತ್ತಿರೋ ಕುತ್ತಿಗೆ ಮೂಳೆ ಈ ವಯಸ್ಸಲ್ಲಿ ಇನ್ನೂ ಗಟ್ಟಿಯಾಗಿರಲ್ಲ. ಎದುರಿಂದ ಗುದ್ದಿದ್ರೆ ಮುಂದೆ ಮುಖ ಮಾಡಿರೋ ಮಗು ಮೈಯನ್ನ ಬೆಲ್ಟ್ ಹಿಡ್ಕೊಳತ್ತೆ, ತಲೆ ಮಾತ್ರ ಮುಂದಕ್ಕೆ ಹಾರತ್ತೆ, ಪೆಟ್ಟೆಲ್ಲ ಕುತ್ತಿಗೆ ಮೇಲೆ. ಹಿಂದಕ್ಕೆ ಮುಖ ಮಾಡಿದ್ರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟೇ ತಬ್ಬಿ ತಡ್ಕೊಳತ್ತೆ. ಯುರೋಪಿನ ಆರ್129 ನಿಯಮದಲ್ಲಿ ಕನಿಷ್ಠ 15 ತಿಂಗಳು ಹಿಂದಕ್ಕೇ ಕೂರಿಸ್ಬೇಕು ಅಂತಿದೆ, ಸ್ವೀಡನ್ನಲ್ಲಿ ನಾಲ್ಕು ವರ್ಷದ ತನಕ ಹಂಗೇ ಕೂರಿಸ್ತಾರೆ. ಕಾಲು ಮಡಚಿದ್ರೆ ಮಗುಗೆ ಏನೂ ಕಷ್ಟ ಇಲ್ಲ, ಮನೇಲಿ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಲೆ ಆಡಲ್ವಾ. ನೀನು ತಲೆ ಕಡೆ ನೋಡ್ಕೊ, ನೆತ್ತಿಗಿಂತ ಸೀಟಿನ ತುದಿ ಒಂದಿಂಚಾದ್ರೂ ಮೇಲಿರ್ಬೇಕು.

ನಿನ್ನ ಎಡ ಹುಬ್ಬಿನ ಮೇಲೊಂದು ಗುರುತಿದೆಯಲ್ಲ, ಚಿಕ್ಕೋಳಿದ್ದಾಗ ಬಿದ್ದಿದ್ದು ಅಂತಷ್ಟೇ ನಿಂಗೆ ಹೇಳ್ಕೊಂಡು ಬಂದಿದೀವಿ. ಬೀರೂರು ದಾಟಿ ತರೀಕೆರೆ ಕಡೆ ಬರ್ತಿದ್ವಿ, ನಾನೇ ಓಡಿಸ್ತಿದ್ದೆ, ನಿಮ್ಮಮ್ಮ ಮುಂದಿನ ಸೀಟಲ್ಲಿ ನಿನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ಲು, ಎಮ್ಮೆ ಅಡ್ಡ ಬಂತು ಅಂತ ಬ್ರೇಕ್ ಒತ್ತಿದೆ. ಸ್ಪೀಡು 40 ಕೂಡ ಇರ್ಲಿಲ್ಲ. ಅಕ್ಕ ಎರಡೂ ಕೈಲಿ ನಿನ್ನ ಅಪ್ಕೊಂಡೇ ಇದ್ಲು, ಆದ್ರೂ ನೀನು ಅವಳ ಕೈಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹೊಡ್ಕೊಂಡೆ. ಅದು ಬರೀ ಬ್ರೇಕು. 50ರಲ್ಲಿ ಹೋಗಿ ಗುದ್ದಿದ್ರೆ ಹತ್ತು ಕೆಜಿ ಮಗು ಆ ಕ್ಷಣಕ್ಕೆ ಇನ್ನೂರು ಮುನ್ನೂರು ಕೆಜಿ ಮೂಟೆ ಥರ ಎಳೆಯತ್ತೆ, ಎಂಥ ತಾಯಿ ಕೈಗೂ ಅದು ನಿಲ್ಲಲ್ಲ. ನಿಮ್ಮತ್ತೆಯವ್ರು ತೊಡೆ ಮೇಲೆ ಕೊಡು ಅಂದ್ರೆ ಈ ವಿಷ್ಯ ಹೇಳು, ನಾನೇ ಹೇಳಿದ್ದು ಅಂತ ಹೇಳು, ಬೇಕಾದ್ರೆ ನಾನೇ ಫೋನ್ ಮಾಡಿ ಮಾತಾಡ್ತೀನಿ.

ಸೀಟ್ ಆರ್ಸೋಕೆ ವಯಸ್ಸು ನೋಡ್ಬೇಡ, ತೂಕ ಎತ್ತರ ನೋಡು. ಪಾಪುನ ಎತ್ಕೊಂಡು ಮಷಿನ್ ಮೇಲೆ ನಿಂತ್ಕೊ, ಆಮೇಲೆ ನೀನೊಬ್ಳೇ ನಿಂತು ಕಳಿ, ಎತ್ತರಕ್ಕೆ ಗೋಡೆಗೆ ನಿಲ್ಸಿ ಪೆನ್ಸಿಲ್ ಗೆರೆ ಹಾಕು. 12 ವರ್ಷದ್ದು ಅಂತ ಮಾರೋ ಸೀಟಲ್ಲಿ ಹಿಂದೆ ಮುಖ ಮಾಡಿ ಎಷ್ಟು ಕೆಜಿ ತನಕ ಕೂರಿಸ್ಬೋದು ಅಂತ ಸ್ಟಿಕ್ಕರ್ ಓದು, ಸುಮಾರಲ್ಲಿ 13 ಕೆಜಿಗೇ ಮುಗಿಯತ್ತೆ, ಒಂದೇ ಸೀಟು ಎಲ್ಲಾ ವಯಸ್ಸಿಗೂ ಅಚ್ಚುಕಟ್ಟಾಗಿ ಕೂರೋದು ಕಡಿಮೆ. ನನ್ ಕೇಳಿದ್ರೆ ಹಿಂದಕ್ಕೇ 18 ಕೆಜಿ ಅಥ್ವಾ 105 ಸೆಂಟಿಮೀಟರ್ ತನಕ ನಡಿಯೋದು ತಗೋ, ಅದು ಸಾಲದಾದ್ಮೇಲೆ ಬೆನ್ನಿರೋ ಬೂಸ್ಟರ್, ಅಂದ್ರೆ ಕಾರಿನ ಬೆಲ್ಟ್ ಸರಿಯಾಗಿ ಕೂರೋ ಹಂಗೆ ಮಗುನ ಎತ್ತರಿಸೋ ಸೀಟು, ತಗೊಂಡ್ರಾಯ್ತು. ಎರಡು ಸಲ ದುಡ್ಡು ಹಾಕ್ಬೇಕಾಗತ್ತೆ ನಿಜ, ಹಾಕು. ಸೀಟಿನ ಸ್ಟಿಕ್ಕರ್ ಮೇಲೆ ಆರ್44/04 (ಯುರೋಪಿನ ಹಳೇ ಸುರಕ್ಷತೆ ನಿಯಮ) ಅಥ್ವಾ ಆರ್129 ಅಂತ ಬರ್ದಿರ್ಬೇಕು. ಯಾರೋ ಬಳಸಿದ್ದು ಕೊಡ್ತಾರೆ ಅಂದ್ರೆ, ಆ ಸೀಟು ಆಕ್ಸಿಡೆಂಟಲ್ಲಿ ಸಿಕ್ಕಿಲ್ಲ ಅಂತ ಖಾತ್ರಿ ಇದ್ರೆ ಮಾತ್ರ ತಗೋ, ಒಳಗೆ ಬಿರುಕು ಬಿಟ್ಟಿದ್ರೂ ಹೊರಗೆ ಕಾಣಲ್ಲ.

ಕೊಳ್ಳೋ ಮುಂಚೆ ನಿಮ್ ಕಾರಲ್ಲೇ ಇಟ್ಟು ನೋಡು. ಹಿಂದಿನ ಸೀಟಿನ ಸಂದೀಲಿ ಕೈ ಹಾಕಿದ್ರೆ ಮಗು ಸೀಟನ್ನ ನೇರ ಕಾರಿಗೇ ಸಿಗ್ಸೋ ಐಸೋಫಿಕ್ಸ್ ಕಂಬಿ ಸಿಗತ್ತೆ, ಇಲ್ದಿದ್ರೆ ಬೆಲ್ಟಲ್ಲೇ ಕಟ್ಟೋ ಸೀಟು ತಗೋ, ಸರಿಯಾಗಿ ಬಿಗಿದ್ರೆ ಅದೂ ಒಳ್ಳೇದೇ. ಬಿಗಿದ್ಮೇಲೆ ಬೆಲ್ಟ್ ಹಾದು ಹೋಗೋ ಜಾಗದಲ್ಲಿ ಹಿಡ್ದು ಅಲ್ಲಾಡ್ಸು, ಒಂದಿಂಚಿಗಿಂತ ಜಾಸ್ತಿ ಅಲ್ಲಾಡ್ಬಾರ್ದು. ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಿ ಹಿಂದೆ ಮುಖದ ಸೀಟು ಯಾವತ್ತೂ ಇಡ್ಬೇಡ, ಏರ್‌ಬ್ಯಾಗ್ ಬಿಚ್ಕೊಂಡ್ರೆ ಸೀಟಿನ ಬೆನ್ನಿಗೇ ಹೊಡಿಯತ್ತೆ, ಮಗು ತಲೆ ಇರೋದು ಅಲ್ಲೇ.

ಭುಜದ ಪಟ್ಟಿ ಹಾಕಿದ್ಮೇಲೆ ಹೆಗಲ ಹತ್ರ ಎರಡು ಬೆರಳಲ್ಲಿ ಚಿವುಟಿ ನೋಡು, ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ರೆ ಸಡ್ಲ ಇದೆ ಅಂತ, ಇನ್ನೊಂದು ಸಲ ಎಳಿ. ಹಿಂದಕ್ಕೆ ಕೂತಿರೋವಾಗ ಪಟ್ಟಿ ಹೆಗಲ ಮಟ್ಟದಿಂದ ಅಥ್ವಾ ಸ್ವಲ್ಪ ಕೆಳಗಿಂದ ಬರ್ಬೇಕು, ಮುಂದೆ ಒಂದಿನ ತಿರುಗ್ಸಿದ್ಮೇಲೆ ಹೆಗಲ ಮಟ್ಟ ಅಥ್ವಾ ಸ್ವಲ್ಪ ಮೇಲೆ, ತಿಂಗ್ಳಿಗೊಂದ್ಸಲ ನೋಡು, ಮಕ್ಕಳು ಬೆಳೆಯೋದು ಗೊತ್ತಾಗಲ್ಲ. ದಪ್ಪ ಸ್ವೆಟರ್ ಮೇಲೆ ಪಟ್ಟಿ ಬಿಗೀಬೇಡ, ಚಳಿ ಅಂದ್ರೆ ಪಟ್ಟಿ ಹಾಕಿ ಮೇಲೆ ಶಾಲು ಹೊದಿಸು. ಬಕಲ್ ಒಳಗೆ ಚಕ್ಕುಲಿ ಪುಡಿ, ಬಿಸ್ಕೆಟ್ ಚೂರು ಸೇರಿದ್ರೆ ಲಾಕ್ ಕೂರಲ್ಲ, ಟಕ್ ಅಂತ ಸದ್ದು ಕೇಳ್ಳೇಬೇಕು. ಬಿಸ್ಲಲ್ಲಿ ಕಾರ್ ನಿಲ್ಸೋವಾಗ ಸೀಟ್ ಮೇಲೆ ಬಿಳೀ ಪಂಚೆ ಹೊದ್ಸು, ಇಲ್ದಿದ್ರೆ ಬಕಲ್ ಕಾದು ಮಗು ತೊಡೆಗೆ ಚುರುಕ್ ಅನ್ಸತ್ತೆ.

14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಚೈಲ್ಡ್ ಸೀಟೋ ಹಾಕ್ದಿದ್ರೆ 2019ರ ತಿದ್ದುಪಡಿ ಪ್ರಕಾರ 1000 ರೂಪಾಯಿ ದಂಡ, ಅದು ಗೊತ್ತಿರ್ಲಿ. ಬೂಸ್ಟರ್ ಬಿಡ್ಸೋ ಕಾಲಕ್ಕೆ ಮತ್ತೆ ಮಾತಾಡೋಣ, ಕಾರಿನ ಬೆಲ್ಟ್ ಕುತ್ತಿಗೆ ಬಿಟ್ಟು ಹೆಗಲ ಮೇಲೂ, ಹೊಟ್ಟೆ ಬಿಟ್ಟು ಸೊಂಟದ ಮೂಳೆ ಮೇಲೂ ಕೂರೋ ತನಕ ಅದು ಬೇಕು, ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರ.

ಹಬ್ಬಕ್ಕೆ ಶಿವಮೊಗ್ಗಕ್ಕೆ ಬರೋವಾಗ ಎರಡು ಗಂಟೆಗೊಂದ್ಸಲ ನಿಲ್ಸಿ, ತಿಪಟೂರಲ್ಲಿ ಇಳ್ಸಿ ಸ್ವಲ್ಪ ಓಡಾಡ್ಸಿ. ದಾರೀಲಿ ಅತ್ತು ರಂಪ ಮಾಡಿದ್ರೆ ಕಾರ್ ಸೈಡಿಗೆ ಹಾಕಿ ಸಮಾಧಾನ ಮಾಡು, ಓಡೋ ಕಾರಲ್ಲಿ ಮಾತ್ರ ಬಿಚ್ಬೇಡ. ತೂಕ ಎತ್ತರ ಅಳೆದ್ಮೇಲೆ ನಂಬರ್ ಕಳ್ಸು, ಕೂತು ನೋಡೋಣ.

ನಿನ್ನ ಮಾವ