25 ಕೆಜಿ ಗೆರೆಯ ಆಚೆ, ಈಚೆ

ಮಾನ್ಯ ಸಂಪಾದಕರೇ,

ಜಿಎಸ್‌ಟಿ ಬಡವರಿಗೆ ಭಾರವೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ದರಪಟ್ಟಿ ತೆಗೆದು ತೋರಿಸುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ ಶೇ 18ರಿಂದ ಶೇ 5ಕ್ಕೆ ಇಳಿದವು, ರೊಟ್ಟಿ-ಚಪಾತಿಗೆ ತೆರಿಗೆಯೇ ಇಲ್ಲ, ದೊಡ್ಡ ಕಾರಿಗೆ ಶೇ 40. ಎಲ್ಲವೂ ನಿಜ, ಒಳ್ಳೆಯದೂ ಹೌದು. ಆದರೆ ತೆರಿಗೆ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎನ್ನುವುದು ದರಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಕಲಬುರಗಿಯಲ್ಲಿ ಅದನ್ನು ನೋಡಲು ತೊಗರಿ ಬೇಳೆಯ ಚೀಲ ಬಿಚ್ಚಿದರೆ ಸಾಕು.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ, ಅಕ್ಕಿ, ಹಿಟ್ಟಿಗೆ 25 ಕೆಜಿವರೆಗೆ ಶೇ 5 ತೆರಿಗೆ. 25 ಕೆಜಿ ದಾಟಿದರೆ ಇಲ್ಲ. ಬೇಳೆ ಕೆಜಿಗೆ 140 ರೂಪಾಯಿ ಎಂದಿಟ್ಟುಕೊಳ್ಳಿ. 30 ಕೆಜಿಯ ಒಂದೇ ಚೀಲಕ್ಕೆ 4,200, ತೆರಿಗೆ ಸೊನ್ನೆ. ಅದೇ ಬೇಳೆ ಒಂದೊಂದು ಕೆಜಿ ಪ್ಯಾಕೆಟ್‌ನಲ್ಲಿ ಕೊಂಡರೆ 4,410. ಒಮ್ಮೆಲೇ 4,200 ಎಣಿಸಬಲ್ಲವರಿಗೆ 210 ರೂಪಾಯಿ ಉಳಿತಾಯ! ಮಾರುಕಟ್ಟೆಗೆ 26 ಕೆಜಿ ಅಕ್ಕಿ ಚೀಲ ಬಂದದ್ದೂ ಇದೇ ಗೆರೆ ದಾಟಲಿಕ್ಕೆ.

ಬಡವರು ಬಿಡಿ ಬೇಳೆಯನ್ನೇ ತೂಗಿಸಿ ಒಯ್ಯುತ್ತಾರಲ್ಲ ಎನ್ನಬಹುದು. ಸರಿ, ಬಿಡಿ ಬೇಳೆಗೆ ತೆರಿಗೆಯಿಲ್ಲ. ಆದರೆ ಕಿರಾಣಿ ಅಂಗಡಿಯವರು ಪ್ಯಾಕ್ ಮಾಡಿದ 25 ಕೆಜಿ ಚೀಲ ತಂದು ಬಿಡಿಯಾಗಿ ಮಾರಿದರೆ, ಮಾರುವಾಗ ವಸೂಲಿ ಮಾಡುವ ತೆರಿಗೆಯೇ ಇಲ್ಲದ್ದರಿಂದ, ತರುವಾಗ ಕಟ್ಟಿದ ಶೇ 5 ಅವರಿಗೆ ವಾಪಸ್ ಸಿಗುವುದಿಲ್ಲ. ಅದು ತಕ್ಕಡಿಯ ದರದಲ್ಲೇ ಸೇರಿಹೋಗುತ್ತದೆ.

ಇದಕ್ಕಿಂತ ದೊಡ್ಡ ಸೋರಿಕೆ ಹೊಲದಲ್ಲಿದೆ. ತೊಗರಿ ಮಾರುವ ರೈತರಿಗೆ ಜಿಎಸ್‌ಟಿ ನೋಂದಣಿ ಬೇಡ, ತೆರಿಗೆಯೂ ಇಲ್ಲ. ಆದ್ದರಿಂದಲೇ ಅವರು ಕೊಟ್ಟ ತೆರಿಗೆ ತಿರುಗಿ ಬರುವ ದಾರಿಯೂ ಇಲ್ಲ. ಕಾಯಿಕೊರಕಕ್ಕೆ ಹೊಡೆಯುವ ರಾಸಾಯನಿಕ ಔಷಧಿಗೆ (ನಮ್ಮ ಕಡೆಯ ಮಾತಿನಲ್ಲಿ ‘ಎಣ್ಣಿ’) ಇವತ್ತಿಗೂ ಶೇ 18. ಸಾವಿರ ರೂಪಾಯಿಯ ಡಬ್ಬಿಗೆ 180 ಹೆಚ್ಚು. ಬೇವಿನ ಔಷಧಿ, ಎನ್‌ಪಿವಿ ನಂಜಾಣುವಿನಂಥ ಕೆಲವು ಜೈವಿಕ ಕೀಟನಾಶಕಗಳು ಮಾತ್ರ ಶೇ 5ಕ್ಕೆ ಇಳಿದಿವೆ. 30 ಕೆಜಿ ಚೀಲ ಮಾರುವ ದಾಲ್‌ಮಿಲ್ಲಿನ ಕಥೆಯೂ ಅದೇ: ಯಂತ್ರದ ಬಿಡಿಭಾಗಕ್ಕೆ ಕಟ್ಟಿದ ತೆರಿಗೆಯಲ್ಲಿ ಆ ಚೀಲಗಳ ಪಾಲನ್ನು ಬಿಟ್ಟುಕೊಡಬೇಕು. ಅದೇ ಚೀಲ ವಿದೇಶಕ್ಕೆ ಹೋದರೆ ರೀಫಂಡ್ ಕೇಳಬಹುದು! ವಿನಾಯಿತಿ (ಹಿಂದೆ ಕಟ್ಟಿದ ತೆರಿಗೆ ವಾಪಸಿಲ್ಲ) ಬೇರೆ, ರಫ್ತಿನ ಶೂನ್ಯ ದರ (ವಾಪಸ್ ಉಂಟು) ಬೇರೆ. ಬಿಲ್ಲಿನಲ್ಲಿ ಎರಡೂ ಸೊನ್ನೆಯಾಗಿಯೇ ಕಾಣುತ್ತವೆ.

ಶ್ರೀಮಂತರು ಹೆಚ್ಚು ಖರ್ಚು ಮಾಡುತ್ತಾರೆ, ಹೆಚ್ಚು ತೆರಿಗೆ ಕೊಡುತ್ತಾರೆ ಎಂಬ ವಾದವನ್ನೂ ಲೆಕ್ಕಕ್ಕೆ ಹಾಕೋಣ. ತಿಂಗಳಿಗೆ 15,000 ದುಡಿಯುವ ಮನೆ ಶೇ 5ರ ಸಾಮಾನು 4,000ಕ್ಕೆ, ಶೇ 18ರದ್ದು 2,000ಕ್ಕೆ ಕೊಂಡಿತು ಎನ್ನಿ. ತೆರಿಗೆ 560 ರೂಪಾಯಿ, ಆದಾಯದ ಶೇ 3.7. ತಿಂಗಳಿಗೆ ಎರಡು ಲಕ್ಷ ದುಡಿಯುವ ಮನೆ ಅವನ್ನೇ ಕ್ರಮವಾಗಿ 15,000 ಮತ್ತು 25,000ಕ್ಕೆ ಕೊಂಡರೆ 5,250, ಆದಾಯದ ಶೇ 2.6. ಮೊತ್ತ ಒಂಬತ್ತು ಪಟ್ಟು ಹೆಚ್ಚು, ಪಾಲು ಕಡಿಮೆ. ಉಳಿದ ಹಣ ಪ್ಲಾಟಿಗೋ ಷೇರಿಗೋ ಹೋದರೆ ಆ ಖರೀದಿ ಜಿಎಸ್‌ಟಿಯ ಹೊರಗೆ.

ಕಳೆದ ಇಳಿಕೆಯಲ್ಲೇ ಇನ್ನೊಂದು ವೈಚಿತ್ರ್ಯವಿದೆ. ವೈಯಕ್ತಿಕ ಆರೋಗ್ಯ ವಿಮೆಯ ಶೇ 18 ಪೂರ್ತಿ ಹೋಯಿತು, ಮೊಬೈಲ್ ರೀಚಾರ್ಜಿನ ಶೇ 18 ಹಾಗೇ ಉಳಿಯಿತು. 299 ರೂಪಾಯಿ ರೀಚಾರ್ಜಿನಲ್ಲಿ 45.61 ರೂಪಾಯಿ ತೆರಿಗೆ. ಮನೆಯಲ್ಲಿ ಮೂರು ಫೋನಿದ್ದರೆ 137.

25 ಕೆಜಿ ಗೆರೆ ಅಳಿಸಿ ಬೇಳೆಯ ಮೇಲಿನ ತೆರಿಗೆ ಪೂರ್ತಿ ಬಿಡಬೇಕು, ಕೀಟನಾಶಕವನ್ನು ಶೇ 5ಕ್ಕೆ ತರಬೇಕು. ಇದು ಕೇಂದ್ರ, ರಾಜ್ಯಗಳು ಕೂಡಿ ದರ ನಿರ್ಧರಿಸುವ ಜಿಎಸ್‌ಟಿ ಮಂಡಳಿಯ ಕೆಲಸ. ಅಲ್ಲಿ ಮುಕ್ಕಾಲು ಬಹುಮತ ಬೇಕು, ಕರ್ನಾಟಕ ಒಂದೇ ಕೂಗಿದರೆ ಆಗದು. ಕೆನಡಾದಲ್ಲಿ ಕಡಿಮೆ ಆದಾಯದವರ ಖಾತೆಗೆ ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ಹಣ ಮರಳುತ್ತದೆ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಗೃಹಲಕ್ಷ್ಮಿಯ 2,000 ರೂಪಾಯಿ. ಅದರ ನಿಯಮವೇ ತಲೆಕೆಳಗಾಗಿದೆ: ಯಜಮಾನಿ ಅಥವಾ ಪತಿ ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ಹಣವಿಲ್ಲ. ವರ್ಷಕ್ಕೆ 45 ಲಕ್ಷ ವಹಿವಾಟು, ಶೇ 5 ಲಾಭದ ಕಿರಾಣಿ ಅಂಗಡಿಯ ಗಳಿಕೆ ತಿಂಗಳಿಗೆ 18,750. ರಾಜಿ ತೆರಿಗೆಯಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಟ್ಟುವ ಸರಳ ತೆರಿಗೆ) ಆ ಶೇ 1ನ್ನೂ ಗಿರಾಕಿಯಿಂದ ಕೇಳುವಂತಿಲ್ಲ, ಗಲ್ಲಾದಿಂದಲೇ ಕಟ್ಟಬೇಕು. ಆ ಮನೆಗೆ ಗೃಹಲಕ್ಷ್ಮಿ ಇಲ್ಲ. 40 ಎಕರೆ ತೊಗರಿ ಬೆಳೆಯುವ, ಬೇರೆ ಆದಾಯವಿಲ್ಲದ ಮನೆಗೆ ಈ ನಿಯಮದಿಂದ ಅಡ್ಡಿಯಿಲ್ಲ. ರಾಜಿ ತೆರಿಗೆಯ ಅಂಗಡಿಗಳನ್ನು ಈ ಷರತ್ತಿನಿಂದ ಕೈಬಿಡಲು ಮಂಡಳಿಯನ್ನು ಕೇಳಬೇಕಿಲ್ಲ, ರಾಜ್ಯ ಸರ್ಕಾರದ ಒಂದು ಆದೇಶ ಸಾಕು.

ಇತಿ,
ಒಬ್ಬ ತೆರಿಗೆ ಸಲಹೆಗಾರ,
ನೆಹರು ಗಂಜ್, ಕಲಬುರಗಿ