ಹೌಸಿಂಗ್ ದಪ್ಪಗಿದ್ದ ಮಾತ್ರಕ್ಕೆ ಪಿಕಪ್ ಗಟ್ಟಿಯಾಗದು

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಳೇ ಪಿಕಪ್‌ಗಳಿಗೆ ಹಿಂದಿನ ಆಕ್ಸಲ್ (ಎರಡು ಹಿಂಚಕ್ರಗಳ ನಡುವಿನ ಅಚ್ಚು) ಬದಲಿಸುವ ಕೆಲಸ ಶುರುವಾಗುತ್ತದೆ. ಗುಜರಿಯಿಂದ ದೊಡ್ಡ ಗಾಡಿಯ ಹೌಸಿಂಗ್ (ಆಕ್ಸಲಿನ ಹೊರಕವಚ) ತಂದು, ಎರಡೇ ದಿನದಲ್ಲಿ ವೆಲ್ಡ್ ಹೊಡೆದು ಕೂರಿಸಿ, ‘ಇನ್ನು ಎಷ್ಟು ಬೇಕಾದರೂ ಹೇರಿ’ ಎಂದು ಕಳಿಸುವುದುಂಟು. ಈ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಚಾಸಿ, ಮುಂದಿನ ಬ್ರೇಕ್, ಸ್ಟೇರಿಂಗ್ ಎಲ್ಲ ಹಳೆಯವೇ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕವೂ ಅಷ್ಟೇ ಇರುತ್ತದೆ.

ಹೌಸಿಂಗ್ ಒಳಗೆ ಚಕ್ರ ತಿರುಗಿಸುವ ಶಾಫ್ಟ್ ಮುರಿದಿದ್ದರೆ, ಆಕ್ಸಲ್ ಬದಲಿಸುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ. ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು) ಹಗ್ಗದಂತೆ ಹೊಸೆದುಕೊಂಡಿದ್ದರೆ ಎಳೆತ ತಾಳದೆ ಮುರಿದಿದೆ. ಮುರಿದ ಮುಖದ ಬಹುಪಾಲು ನಯವಾಗಿದ್ದು, ಮರದ ಕೊರಡಿನ ಉಂಗುರಗಳಂಥ ಗೆರೆ ಕಂಡು, ಒಂದು ಅಂಚು ಮಾತ್ರ ಒರಟಾಗಿದ್ದರೆ ಬಿರುಕು ಬಹಳ ದಿನದಿಂದ ಬೆಳೆಯುತ್ತಿತ್ತು ಎಂದರ್ಥ. ಓವರ್‌ಲೋಡ್, ಸವೆದ ಬೇರಿಂಗ್ ಅಥವಾ ಬಾಗಿದ ಹೌಸಿಂಗ್ ಅದಕ್ಕೆ ಕಾರಣ. ಬೇರಿಂಗ್ ಸವೆದದ್ದಷ್ಟೇ ಆಗಿದ್ದರೆ ದೊಡ್ಡ ಆಕ್ಸಲ್ ಬೇಕಿಲ್ಲ, ಇರುವುದನ್ನೇ ಸರಿಮಾಡುವುದು ಲೇಸು.

ಬದಲಿಸಲೇಬೇಕಿದ್ದರೆ ಫುಲ್ ಫ್ಲೋಟಿಂಗ್ ಆಕ್ಸಲ್ ಹುಡುಕಿ. ಹಬ್‌ನ ನಡುವೆ ಸುತ್ತಲೂ ಬೋಲ್ಟ್ ಇರುವ ಫ್ಲೇಂಜ್ ಹೊರಗೆ ಚಾಚಿರುತ್ತದೆ, ಚಕ್ರ ನೆಲದ ಮೇಲಿರುವಾಗಲೇ ಶಾಫ್ಟ್ ಎಳೆಯಬಹುದು. ಇದರಲ್ಲಿ ತೂಕವನ್ನು ಹೌಸಿಂಗ್ ಕೊನೆಯ ಎರಡು ಬೇರಿಂಗ್ ಹೊರುತ್ತವೆ, ಶಾಫ್ಟಿಗೆ ತಿರುಗಿಸುವ ಕೆಲಸವೊಂದೇ. ಸೆಮಿ ಫ್ಲೋಟಿಂಗ್‌ನಲ್ಲಿ ಎರಡೂ ಶಾಫ್ಟಿನ ಮೇಲೇ. ಘಾಟಿಯಲ್ಲಿ ಅದು ತುಂಡಾದರೆ ಚಕ್ರವೇ ಕಳಚಿ ಹೊರಗೆ ಬರುತ್ತದೆ.

ಮುಂದಿನ ಪ್ರಶ್ನೆ ರೇಷಿಯೋ, ಅಂದರೆ ಆಕ್ಸಲ್ ಒಳಗಿನ ಎರಡು ಗೇರ್‌ಗಳ ಹಲ್ಲಿನ ಅನುಪಾತ. ದೊಡ್ಡ ಗೇರ್ ಕ್ರೌನ್‌ಗೆ 41 ಹಲ್ಲು, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್‌ಗೆ 10 ಇದ್ದರೆ 4.10. ಕಳಚದೆ ತಿಳಿಯಬೇಕಿದ್ದರೆ ಒಂದು ಚಕ್ರವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತು ಬಂತೋ ಅದೇ ರೇಷಿಯೋ. 4.10 ಇದ್ದ ಗಾಡಿಗೆ 41ಕ್ಕೆ 11ರ, ಅಂದರೆ 3.73ರ ಆಕ್ಸಲ್ ಹಾಕಿದರೆ ಚಕ್ರಕ್ಕೆ ಸಿಗುವ ಎಳೆತ ಶೇ 9ರಷ್ಟು ಇಳಿಯುತ್ತದೆ. ಹುಲಿಕಲ್ ಘಾಟಿ ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಬರುವುದು ಇದರಿಂದಲೇ. ಇಳಿಯುವಾಗಿನ ಕಷ್ಟ ಇನ್ನೂ ದೊಡ್ಡದು. ಎಂಜಿನ್ ಹಿಡಿತವೂ ಅಷ್ಟೇ ಕಡಿಮೆಯಾಗಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. 39ಕ್ಕೆ 8ರದು ಹಾಕಿದರೆ ಎಳೆತ ಚೆನ್ನ, ಆದರೆ ಅದೇ ವೇಗಕ್ಕೆ ಎಂಜಿನ್ ಶೇ 19ರಷ್ಟು ಹೆಚ್ಚು ತಿರುಗಬೇಕು. ಫೋರ್ ಬೈ ಫೋರ್ ಗಾಡಿಯಾದರೆ ಹಿಂದೆ ಮುಂದೆ ಎರಡಕ್ಕೂ ಒಂದೇ ರೇಷಿಯೋ ಇರಲೇಬೇಕು.

ಹೆಚ್ಚು ಕೆಲಸ ಕೆಡುವುದು ಸ್ಪ್ರಿಂಗ್ ಸೀಟ್ (ಹೌಸಿಂಗ್ ಮೇಲೆ ಪ್ಲೇಟ್ ಸೆಟ್ ಎನ್ನುವ ಸ್ಪ್ರಿಂಗ್ ಪಟ್ಟಿಗಳು ಕೂರುವ ಪೀಠ) ವೆಲ್ಡಿಂಗ್‌ನಲ್ಲಿ. ಸೀಟನ್ನು ಮೊದಲು ಚುಕ್ಕೆ ವೆಲ್ಡ್ ಮಾತ್ರ ಹಾಕಿ ನಿಲ್ಲಿಸಿ, ಗಾಡಿಯನ್ನು ನಿಧಾನವಾಗಿ ಚಕ್ರದ ಮೇಲೆ ಇಳಿಸಿ ಪಿನಿಯನ್ ಕೋನ ಅಳೆಯಬೇಕು. ಗೇರ್‌ಬಾಕ್ಸ್‌ನಿಂದ ಆಕ್ಸಲಿಗೆ ಹೋಗುವ ಜಾಯಿಂಟ್ ಶಾಫ್ಟ್ ಒಂದೇ ತುಂಡಿನದಾಗಿದ್ದು, ಗೇರ್‌ಬಾಕ್ಸ್ ಹಿಂಬದಿ 3 ಡಿಗ್ರಿ ಕೆಳಗೆ ನೋಡುತ್ತಿದ್ದರೆ ಪಿನಿಯನ್ ಮೂತಿ 3 ಡಿಗ್ರಿ ಮೇಲೆ ನೋಡಬೇಕು. ಎಳೆಯುವಾಗ ಪ್ಲೇಟ್ ಸೆಟ್ ತಿರುಚಿಕೊಂಡು ಮೂತಿ ಇನ್ನಷ್ಟು ಮೇಲೇಳುವುದರಿಂದ 1ರಿಂದ 2 ಡಿಗ್ರಿ ತಗ್ಗಿಸಿಡುವುದು ವಾಡಿಕೆ. ಇದು ತಪ್ಪಿದರೆ ಗಾಡಿ ನಡುಗಿ ಕ್ರಾಸ್ (ಜಾಯಿಂಟ್ ಶಾಫ್ಟ್ ತುದಿಯ ಕೀಲು) ಬೇಗ ಹೋಗುತ್ತದೆ. ಪೂರ್ತಿ ವೆಲ್ಡ್ ಮಾಡುವಾಗ ಶಾಫ್ಟ್, ಬೇರಿಂಗ್ ಹೊರಗಿರಲಿ. ಅರ್ಥ್ ಕ್ಲಾಂಪ್ ಜೋಡಣೆಯ ಪಕ್ಕದಲ್ಲೇ ಇರಲಿ. ಒಮ್ಮೆಗೆ ಒಂದೇ ಇಂಚು, ಎಡ ಬಲ ಬದಲಿಸುತ್ತ, ಆರಲು ಬಿಡುತ್ತ ಹೋಗಬೇಕು. ಅವಸರದಲ್ಲಿ ಒಂದೇ ಎಳೆತಕ್ಕೆ ಹೊಡೆದರೆ ಟ್ಯೂಬ್ ಬಾಗುತ್ತದೆ, ಆಮೇಲೆ ಎಷ್ಟು ಸೀಲ್ ಹಾಕಿದರೂ ಆಯಿಲ್ ನಿಲ್ಲದು. ನಮ್ಮ ಮಳೆಗಾಲದ ಥಂಡಿಗೆ 7018 ವೆಲ್ಡಿಂಗ್ ರಾಡ್ ತೇವ ಹೀರುತ್ತದೆ. ಆ ತೇವವೇ ವೆಲ್ಡ್ ಒಳಗೆ ಬಿರುಕು ಹುಟ್ಟಿಸುತ್ತದೆ. ಓವನ್‌ನಲ್ಲಿ ಒಣಗಿಸಿದ ರಾಡ್ ಇಲ್ಲದಿದ್ದರೆ ಆ ದಿನ ಕೆಲಸ ಬೇಡ. ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಹೊಸದೇ ಆಗಬೇಕು, 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಯಬೇಕು. ಜಾಯಿಂಟ್ ಶಾಫ್ಟ್ ಕತ್ತರಿಸಿ ಜೋಡಿಸಿದ್ದರೆ ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವೆ) ಒಂದೇ ಸಾಲಿಗಿರಲಿ, ಬ್ಯಾಲೆನ್ಸಿಂಗ್ ತಪ್ಪದಿರಲಿ.

ಬ್ರೇಕ್ ಅನ್ನು ಕೊನೆಗೆ ನೋಡೋಣ ಎನ್ನುವುದೇ ತಪ್ಪು. ದೊಡ್ಡ ಆಕ್ಸಲ್ ಜೊತೆ ದೊಡ್ಡ ವೀಲ್ ಸಿಲಿಂಡರ್ (ಚಕ್ರದ ಬ್ರೇಕ್ ಶೂ ಒತ್ತುವ ಭಾಗ) ಬರುತ್ತದೆ. 7/8 ಇಂಚಿನ ಜಾಗಕ್ಕೆ 1 ಇಂಚಿನದು ಬಂದರೆ ಒತ್ತುವ ಬಲ ಶೇ 30ರಷ್ಟು ಹೆಚ್ಚುತ್ತದೆ, ಪೆಡಲ್ ಕೂಡ ಮೊದಲಿಗಿಂತ ಆಳಕ್ಕೆ ಹೋಗುತ್ತದೆ. ಖಾಲಿ ಗಾಡಿ ಆಗುಂಬೆಯ ಮಳೆಯಲ್ಲಿ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಹಿಂಬದಿ ಅಡ್ಡ ತಿರುಗುತ್ತದೆ. ಲೋಡ್ ನೋಡಿ ಒತ್ತಡ ಹಂಚುವ ವಾಲ್ವ್ ಇರುವ ಗಾಡಿಗಳಲ್ಲಿ ಅದರ ಕಡ್ಡಿಯನ್ನು ಬಿಚ್ಚಿ ಕಟ್ಟಿಹಾಕುವ ಕೆಟ್ಟ ಅಭ್ಯಾಸವಿದೆ. ಹೊಸ ಹೌಸಿಂಗ್‌ಗೆ ಬ್ರಾಕೆಟ್ ಮಾಡಿ ಅದನ್ನು ಮತ್ತೆ ಸೆಟ್ ಮಾಡಲೇಬೇಕು.

ಹಳ್ಳ ದಾಟುವ ಗಾಡಿಗಳಿಗೆ ಒಂದು ಸಣ್ಣ ಕೆಲಸ ಬಹಳ ಮುಖ್ಯ. ಕಾದ ಹೌಸಿಂಗ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ಕಿಂಡಿಯಾದ ಬ್ರೀದರ್‌ನಿಂದಲೋ ಸೀಲ್ ಸಂದಿನಿಂದಲೋ ನೀರೆಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಬ್ರೀದರ್‌ಗೆ ಪೈಪ್ ಸಿಕ್ಕಿಸಿ ಚಾಸಿಗಿಂತ ಮೇಲಕ್ಕೆ ಕಟ್ಟಿದರೆ ಈ ತೊಂದರೆ ತಪ್ಪುತ್ತದೆ.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಆದ್ದರಿಂದ ಗುಜರಿಗೆ ಹೋಗುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಎಫ್‌ಸಿಗೆ (ಯೋಗ್ಯತಾ ಪತ್ರಕ್ಕೆ) ಬಂದ ಪಿಕಪ್‌ಗಳ ಅಡಿಗೆ ಇಣುಕಿ ಸ್ಪ್ರಿಂಗ್ ಸೀಟಿನ ವೆಲ್ಡ್, ಯು ಬೋಲ್ಟ್, ವಾಲ್ವ್ ಕಡ್ಡಿ ಈ ಮೂರನ್ನು ನೋಡುವಂತೆ ಸಾರಿಗೆ ಅಧಿಕಾರಿಗಳಲ್ಲಿ ವಿನಂತಿ. ಗ್ಯಾರೇಜಿನವರು ರೇಷಿಯೋ, ವೀಲ್ ಸಿಲಿಂಡರ್ ಅಳತೆ, ಬೇರಿಂಗ್ ಮತ್ತು ಸೀಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಮಾಲೀಕರಿಗೆ ಕೊಡಲಿ. ಹೊಸನಗರ ತಾಲ್ಲೂಕಿನ ನಗರದಲ್ಲೋ ನಿಟ್ಟೂರಿನಲ್ಲೋ ಸೀಲ್ ಹೋಗಿ ಗಾಡಿ ನಿಂತಾಗ, ಶಿವಮೊಗ್ಗದ ಅಂಗಡಿಗೆ ಫೋನ್ ಮಾಡಿ ಹೇಳಬೇಕಾದದ್ದು ಆ ನಂಬರನ್ನೇ.

– ಗ್ಯಾರೇಜ್ ಕೆಲಸಗಾರರು, ತೀರ್ಥಹಳ್ಳಿ