ಮರವಂತೆ ಡ್ರೈವ್‌ಗೆ ಮುಂಚೆ ವೈಪರ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ 7ಕ್ಕೆ ಕದ್ರಿ ಪಾರ್ಕ್ ಹತ್ತಿರ ಸೇರಿ ಮರವಂತೆಗೆ ಹೊರಡುವುದು ಗೊತ್ತೇ ಇದೆ. ಮಳೆ ಜೋರಾಗಿದೆ. ಪದ್ಮಿನಿ, ಅಂಬಾಸಿಡರ್ ಕಾರು ತರುವವರು ಶುಕ್ರವಾರದೊಳಗೆ ವೈಪರ್ ಒಮ್ಮೆ ಓಡಿಸಿ ನೋಡಿ. ಒಣ ಗಾಜಿನ ಮೇಲೆ ಬೇಡ, ಗೀರು ಬೀಳುತ್ತದೆ. ನೀರು ಹಾಕಿಕೊಳ್ಳಿ.

ವೈಪರ್ ನಿಧಾನವಾಗಿದ್ದರೆ ಸೀದಾ ಮೋಟಾರ್ ಬದಲಿಸಲು ಹೋಗಬೇಡಿ, ಸುಮ್ನೆ ದುಡ್ಡು ದಂಡ. ಮೊದಲು ವೈಪರ್‌ನ ಎರಡೂ ಕೈಗಳನ್ನು (ಬ್ಲೇಡ್ ಹಿಡಿಯುವ ಕಡ್ಡಿಗಳನ್ನು) ಗಾಜಿನಿಂದ ಎತ್ತಿ ಸ್ವಿಚ್ ಹಾಕಿ. ಆಗ ಚುರುಕಾದರೆ ತೊಂದರೆ ಬ್ಲೇಡಿನದ್ದು. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿರುತ್ತದೆ. ಆಗಲೂ ನಿಧಾನವೇ? ಬ್ಯಾಟರಿ ಕನೆಕ್ಷನ್ ತೆಗೆದು ವೈಪರ್ ಮೋಟಾರಿನಿಂದ ಕಾರಿನ ಬಾಡಿಗೆ ಜೋಡಿಸಿರುವ ಅರ್ತಿಂಗ್ ವೈರ್ ಬಿಚ್ಚಿ. ಅದರ ತುದಿಯನ್ನೂ, ಬಾಡಿ ಮೇಲೆ ಅದು ಕೂರುವ ಜಾಗವನ್ನೂ ಮರಳು ಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ ಬಿಗಿ ಮಾಡಿ. ನಮ್ಮ ಕಡಲ ಗಾಳಿಗೆ ಅಲ್ಲಿ ತುಕ್ಕು ಜಾಸ್ತಿ, ಅಲ್ವಾ? ವೈಪರ್ ಓಡಿಸುವ ಭಾಗಗಳಲ್ಲಿ ಹಳೇ ಗ್ರೀಸ್ ಒಣಗಿ ಅಂಟಾಗಿದ್ದರೂ ಹೀಗೇ ಆಗುತ್ತದೆ. ಒರೆಸಿ ಹೊಸದು ಹಚ್ಚಿ.

ಮೋಟಾರ್ ಸದ್ದು ಬಂದೂ ಕೈ ಅಲ್ಲಾಡದಿದ್ದರೆ ಆ ಕೈಯ ಬುಡದ ನಟ್ ಸಡಿಲವಾಗಿದೆಯೇ ನೋಡಿ.

ವೈಪರ್ ಸರಿಯಿಲ್ಲದ ಕಾರು ಮಾತ್ರ ಬೇಡ, ಎಷ್ಟೇ ಪಾಲಿಶ್ ಮಾಡಿದ್ದರೂ! ನಿಮಗೆ ಬೇರೆ ಕಾರಿನಲ್ಲಿ ಸೀಟು ಮಾಡಿಕೊಡುತ್ತೇವೆ. ಶುಕ್ರವಾರ ರಾತ್ರಿಯೊಳಗೆ ‘ಸರಿ ಇದೆ’ ಅಥವಾ ‘ಸಹಾಯ ಬೇಕು’ ಅಂತ ಇಲ್ಲೇ ಹಾಕಿ.